ಅದೇ ನೂಡಲ್ಸ್ ರೆಸ್ಟೋರೆಂಟ್, ಅದೇ ಮೆನು. ಒಂದು ದಿನ ಸೂಪರ್, ಇನ್ನೊಂದು ದಿನ ಬಾಯಿಗಿಡಕ್ಕಾಗಲ್ಲ, ಯಾಕೆ?

ಪ್ರಶ್ನೆ: ಗುಂಪಿನಲ್ಲಿ ಹೋಟೆಲ್ ಅಡುಗೆಮನೆಯವರು ಇದ್ದೀರಿ ಅಂತ ಗೊತ್ತು, ಅದಕ್ಕೇ ಕೇಳುತ್ತಿದ್ದೇನೆ. ರಾಮೆನ್ (ಜಪಾನಿನ ಸಾರು ನೂಡಲ್ಸ್), ಫೋ (ವಿಯೆಟ್ನಾಮಿನ ಸಾರು ನೂಡಲ್ಸ್), ಪ್ಯಾಡ್ ಥಾಯ್ (ಥಾಯ್ಲೆಂಡಿನ ಹುರಿದ ನೂಡಲ್ಸ್) ಎಲ್ಲ ಸಿಗುವ ಒಂದು ಸಣ್ಣ ರೆಸ್ಟೋರೆಂಟಿಗೆ ಮನೆಯವರೆಲ್ಲ ಆಗಾಗ ಹೋಗುತ್ತೇವೆ. ಮೊದಲ ಸಲ ರಾಮೆನ್ ತಿಂದಾಗ ಬಟ್ಟಲು ನೆಕ್ಕುವಷ್ಟು ಚೆನ್ನಾಗಿತ್ತು. ಮೊನ್ನೆ ಭಾನುವಾರ ಅದೇ ರಾಮೆನ್ ಬರೀ ಉಪ್ಪು, ನೂಡಲ್ಸ್ ಮುದ್ದೆ. ಅಕ್ಕನ ಫೋ ಮಾತ್ರ ಯಾವತ್ತಿನಂತೆ ಚೆನ್ನಾಗಿತ್ತು. ಅಣ್ಣನ ಪ್ಯಾಡ್ ಥಾಯ್ ಎಣ್ಣೆಯಲ್ಲಿ ತೇಲುತ್ತಿತ್ತು. ರಿವ್ಯೂ ನೋಡಿದರೆ ಐದು ಸ್ಟಾರ್, ಇಲ್ಲವೇ ಒಂದು ಸ್ಟಾರ್. ನಡುವೆ ಯಾರೂ ಇಲ್ಲ. ಅಡುಗೆಯವರು ಬದಲಾದರಾ?

ಉತ್ತರ (ನೂಡಲ್ಸ್ ಅಡುಗೆಮನೆ ನಡೆಸುವ ಶೆಫ್): ಬದಲಾಗಿರಬಹುದು, ಆದರೆ ನನ್ನ ಅನುಮಾನ ಬೇರೆ. ಭಾನುವಾರ ಅಂದಿರಲ್ಲ, ರಶ್ ಇತ್ತು ಅಲ್ವಾ? ನೂಡಲ್ಸ್ ಅಡುಗೆಯಲ್ಲಿ ಗಂಟೆಗಟ್ಟಲೆ ಕುದಿಸಿದ ಸಾರು ಹಾಳಾಗುವುದು ಕಡಿಮೆ. ಕೆಡುವುದೆಲ್ಲ ಕೊನೆಯ ಐದು ನಿಮಿಷದಲ್ಲಿ.

ಮೊದಲು ಉಪ್ಪಿನ ವಿಷಯ. ರಾಮೆನ್ ಸಾರಿನ ದೊಡ್ಡ ಪಾತ್ರೆಗೆ ಸಾಮಾನ್ಯವಾಗಿ ಉಪ್ಪೇ ಹಾಕುವುದಿಲ್ಲ. ಉಪ್ಪು, ಸೋಯಾ ಸಾಸ್ ಅಥವಾ ಮಿಸೊ ಸೇರಿದ ಗಟ್ಟಿ ಮಸಾಲೆ ಬೇರೆ ಇರುತ್ತದೆ. ಜಪಾನಿನವರು ಅದನ್ನು ತಾರೆ ಎನ್ನುತ್ತಾರೆ. ಬಟ್ಟಲಿನ ತಳಕ್ಕೆ ಮೊದಲು ಅದು, ಮೇಲೆ ಬಿಸಿ ಸಾರು. 300 ಮಿಲಿ ಸಾರಿಗೆ 30 ಮಿಲಿ ತಾರೆ ಅಂದುಕೊಳ್ಳಿ. ಅವಸರದಲ್ಲಿ ಸೌಟು ತುಂಬಿ ತುಳುಕಿ 10 ಮಿಲಿ ಜಾಸ್ತಿ ಬಿತ್ತೆಂದರೆ ಬಟ್ಟಲಿಗೆ ಮೂರನೇ ಒಂದು ಪಾಲು ಹೆಚ್ಚುವರಿ ಉಪ್ಪು ಬಿದ್ದ ಹಾಗೆ. ಪಕ್ಕದ ಟೇಬಲ್ಲಿನವರ ಬಟ್ಟಲು ಸರಿಯಾಗಿಯೇ ಇರುತ್ತದೆ. ಅವರು ಐದು ಸ್ಟಾರ್ ಕೊಡುತ್ತಾರೆ, ನೀವು ಒಂದು.

ಫೋ ಹಾಗಲ್ಲ. ಅದಕ್ಕೆ ಉಪ್ಪು, ಮೀನಿನ ಸಾಸ್ ಎಲ್ಲ ಪಾತ್ರೆಯಲ್ಲೇ ಬೆರೆತಿರುತ್ತದೆ. ಹುಳಿ, ಖಾರ, ಸೊಪ್ಪು ಬೇಕಾದಷ್ಟು ನೀವೇ ಹಾಕಿಕೊಳ್ಳುತ್ತೀರಿ. ಹಾಗಾಗಿ ಬಟ್ಟಲಿಂದ ಬಟ್ಟಲಿಗೆ ವ್ಯತ್ಯಾಸ ಕಡಿಮೆ. ಆದರೆ ದಿನವಿಡೀ ಒಲೆ ಮೇಲಿದ್ದು ನೀರು ಆರಿ, ರಾತ್ರಿ ಹೊತ್ತಿಗೆ ಅದೂ ಉಪ್ಪಾಗಬಹುದು. ಬಿಸಿನೀರು ಸೇರಿಸಿ ರುಚಿ ನೋಡುವವರು ಒಬ್ಬರು ಬೇಕು. ರಶ್ಶಿನಲ್ಲಿ ಮೊದಲು ತಪ್ಪುವುದೇ ಈ ರುಚಿ ನೋಡುವ ಕೆಲಸ.

ಪ್ರಶ್ನೆ: ಸರಿ, ನೂಡಲ್ಸ್ ಮುದ್ದೆಯಾದದ್ದು? ಜಾಸ್ತಿ ಬೇಯಿಸಿದರಾ?

ಉತ್ತರ: ಬೇಯಿಸಿದ್ದು ಸರಿಯಾಗಿಯೇ ಇದ್ದಿರಬಹುದು, ತಯಾರಾದ ಬಟ್ಟಲನ್ನು ಬಡಿಸದೆ ಇಟ್ಟದ್ದು ತಪ್ಪು. ರಾಮೆನ್ ನೂಡಲ್ಸಿಗೆ ಕಾನ್ಸುಯಿ ಎಂಬ ಕ್ಷಾರ ಸೇರಿಸಿರುತ್ತಾರೆ. ಮುಖ್ಯವಾಗಿ ಸೋಡಿಯಂ, ಪೊಟ್ಯಾಶಿಯಂ ಕಾರ್ಬೊನೇಟ್. ಹಳದಿ ಬಣ್ಣ, ಹಲ್ಲಿಗೆ ಸಿಕ್ಕುವ ಪುಟಿತ ಅದರಿಂದ. ಆದರೂ ಬಿಸಿ ಸಾರಿಗೆ ಬಿದ್ದ ಮೇಲೆ ಅದು ನೀರು ಹೀರುತ್ತಲೇ ಇರುತ್ತದೆ. ಸಣ್ಣ ಎಳೆಯ ತಾಜಾ ನೂಡಲ್ಸ್ ಬೇಯುವುದಕ್ಕೆ ಒಂದೆರಡು ನಿಮಿಷ ಸಾಕು. ಸಾರಿನಲ್ಲಿ ಐದಾರು ನಿಮಿಷ ಕೂತರೆ ಮತ್ತೆ ಅಷ್ಟೇ ಬೆಂದ ಲೆಕ್ಕ.

ಈಗ ನಿಮ್ಮ ಟೇಬಲ್ ನೆನಪಿಸಿಕೊಳ್ಳಿ. ರಾಮೆನ್, ಫೋ, ಪ್ಯಾಡ್ ಥಾಯ್ ಒಟ್ಟಿಗೆ ಹೇಳಿದ್ದೀರಿ. ರಾಮೆನ್ ಮೊದಲು ತಯಾರಾಯಿತು. ಪ್ಯಾಡ್ ಥಾಯ್‌ಗೆ ವೋಕ್ (ಹುರಿಯುವ ದೊಡ್ಡ ಬಾಣಲೆ) ಖಾಲಿ ಇಲ್ಲ. ಎಲ್ಲ ಒಟ್ಟಿಗೆ ಕೊಡೋಣ ಅಂತ ನಿಮ್ಮ ಬಟ್ಟಲು ಕೌಂಟರಿನಲ್ಲಿ ಕಾಯುತ್ತಾ ಕೂತಿತು. ಮೇಲೆ ಎಣ್ಣೆಯ ಪದರ ಇರುವುದರಿಂದ ಸಾರು ಬೇಗ ಆರುವುದೂ ಇಲ್ಲ, ಒಳಗೆ ನೂಡಲ್ಸ್ ಬೇಯುತ್ತಲೇ ಇತ್ತು. (ಬಟ್ಟಲು ಬಂದ ಮೇಲೆ ಫೋಟೊ ತೆಗೆಯುವ ಹೊತ್ತನ್ನೂ ಇದಕ್ಕೆ ಸೇರಿಸಿಕೊಳ್ಳಿ!)

ಇನ್ನು ಅಣ್ಣನ ಎಣ್ಣೆ. ಪ್ಯಾಡ್ ಥಾಯ್ ಅಂದರೆ ನೆನೆಸಿದ ಅಕ್ಕಿ ನೂಡಲ್ಸನ್ನು ಜೋರು ಉರಿಯಲ್ಲಿ, ಒಂದೆರಡು ಪ್ಲೇಟಿನಷ್ಟು ಮಾತ್ರ ಹುರಿಯಬೇಕಾದದ್ದು. ಆರ್ಡರ್ ಗುಡ್ಡೆ ಬಿದ್ದಾಗ ನಾಲ್ಕೈದು ಪ್ಲೇಟಿನದ್ದು ಒಟ್ಟಿಗೆ ಸುರಿಯುತ್ತಾರೆ. ವೋಕ್ ತಣ್ಣಗಾಗುತ್ತದೆ, ತರಕಾರಿ ನೀರು ಬಿಡುತ್ತದೆ, ನೂಡಲ್ಸ್ ಹುರಿಯುವ ಬದಲು ಆವಿಯಲ್ಲಿ ಬೆಂದು ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಬಿಡಿಸಲು ಇನ್ನೊಂದು ಸೌಟು ಎಣ್ಣೆ. ಅದೇ ಪ್ಲೇಟಿಗೆ ಬಂದದ್ದು.

ಇನ್ನೊಬ್ಬ ಸದಸ್ಯೆ: ಶೆಫ್, ನಡುವೆ ಬಂದೆ. ಅಲ್ಲಿ ತಿಂದ ಮೇಲೆ ರಾತ್ರಿಯಿಡೀ ಬಾಯಾರಿಕೆ ಅಂತ ತುಂಬಾ ಜನ ಬರೆಯುತ್ತಾರೆ. ಅಜಿನೊಮೊಟೊ ತಾನೇ ಕಾರಣ? ಮತ್ತೆ ನಾನು ಸಸ್ಯಾಹಾರಿ, ವೆಜ್ ರಾಮೆನ್ ನಂಬಬಹುದಾ?

ಉತ್ತರ: ಬಾಯಾರಿಕೆಗೆ ಅದಕ್ಕಿಂತ ಉಪ್ಪೇ ಮುಖ್ಯ ಕಾರಣ. ಅಡುಗೆ ಉಪ್ಪಿನಲ್ಲಿ ಸೋಡಿಯಂ ಸುಮಾರು 39%, ಎಂಎಸ್‌ಜಿಯಲ್ಲಿ (ಅಜಿನೊಮೊಟೊ ಅಂದರೆ ಇದೇ) ಸುಮಾರು 12%. ಬಟ್ಟಲಿನ ಸಾರನ್ನು ಕೊನೆಯ ತೊಟ್ಟಿನವರೆಗೆ ಕುಡಿದರೆ ಬಾಯಾರದೆ ಇರುತ್ತದೆಯೇ? ಅರ್ಧ ಬಿಟ್ಟುಬಿಡಿ.

ವೆಜ್ ಅನ್ನುವುದನ್ನು ಕಣ್ಣು ಮುಚ್ಚಿ ನಂಬಬೇಡಿ. ಮೇಲೆ ತರಕಾರಿ ಇದ್ದು ಕೆಳಗೆ ಮೂಳೆ ಸಾರು ಇರಬಹುದು. ದಾಶಿ ಎಂಬ ಜಪಾನಿನ ತಿಳಿಸಾರಿನಲ್ಲಿ ಹೆಚ್ಚಾಗಿ ಒಣಮೀನು ಇರುತ್ತದೆ, ಪ್ಯಾಡ್ ಥಾಯ್‌ನಲ್ಲಿ ಮೀನಿನ ಸಾಸ್, ಹುರಿದ ನೂಡಲ್ಸಿನಲ್ಲಿ ಆಯ್ಸ್ಟರ್ (ಚಿಪ್ಪುಮೀನು) ಸಾಸ್, ಕೆಲವು ನೂಡಲ್ಸಿನಲ್ಲಿ ಮೊಟ್ಟೆ. "ಇದು ವೆಜ್ಜಾ?" ಅಂದರೆ ಹೌದು ಎಂದೇ ಉತ್ತರ ಬರುತ್ತದೆ. "ಸಾರು ಯಾವುದರಿಂದ ಮಾಡಿದ್ದು?" ಅಂತ ಕೇಳಿ. ಗೊತ್ತಿಲ್ಲದವರು ಒಳಗೆ ಹೋಗಿ ಕೇಳಿಕೊಂಡು ಬರುತ್ತಾರೆ. ಕಡಲೆಕಾಯಿ ಅಲರ್ಜಿ ಇರುವವರಂತೂ ಪ್ಯಾಡ್ ಥಾಯ್ ಹೇಳುವ ಮೊದಲೇ ಬಾಯಿಬಿಟ್ಟು ಹೇಳಬೇಕು. ಮೇಲೆ ಉದುರಿಸಬೇಡಿ ಅಂದರೆ ಸಾಲದು, ವೋಕ್ ಅದೇ ಆಗಿರುತ್ತದೆ.

ಪ್ರಶ್ನೆ ಕೇಳಿದವರು: ಹಾಗಾದರೆ ನಾವು ಮಾಡಬೇಕಾದ್ದೇನು? ಪಾರ್ಸೆಲ್ ತರಿಸುವುದು ಒಳ್ಳೆಯದಾ?

ಉತ್ತರ: ಸಾರು ಬೇರೆ, ನೂಡಲ್ಸ್ ಬೇರೆ ಕಟ್ಟಿಕೊಡುವುದಾದರೆ ಮಾತ್ರ. ನೂಡಲ್ಸ್ ಅಂಟಿಕೊಂಡಿದ್ದರೆ ಕುದಿಯುವ ನೀರಲ್ಲಿ ಕ್ಷಣ ಅದ್ದಿ ಬಿಡಿಸಿ, ಸಾರು ಚೆನ್ನಾಗಿ ಕುದಿಸಿ ಮೇಲೆ ಹೊಯ್ಯಿರಿ.

ಅಲ್ಲೇ ತಿನ್ನುವುದಾದರೆ "ಯಾವುದು ಆಯಿತೋ ಅದನ್ನು ತಂದುಬಿಡಿ, ಒಟ್ಟಿಗೆ ಬೇಡ" ಅಂತ ಮೊದಲೇ ಹೇಳಿ. ಮರ್ಯಾದೆಗೆ ಎಲ್ಲರ ತಟ್ಟೆಗೆ ಕಾಯುವ ಅಭ್ಯಾಸ ರಾಮೆನ್‌ಗೆ ಆಗಿಬರುವುದಿಲ್ಲ, ಬಟ್ಟಲು ಬಂದವರು ಶುರುಮಾಡಲಿ. ಉಪ್ಪು ಜಾಸ್ತಿಯಾದರೆ ಎರಡನೇ ಚಮಚಕ್ಕೇ ಕರೆದು ಸ್ವಲ್ಪ ಸಪ್ಪೆ ಸಾರು ಕೇಳಿ. ಉಪ್ಪಿಲ್ಲದ ಸಾರು ಒಲೆ ಮೇಲೆ ಇದ್ದೇ ಇರುತ್ತದೆ, ಕೊಡುವುದಕ್ಕೆ ಅರ್ಧ ನಿಮಿಷ ಸಾಕು. ಬಟ್ಟಲು ಖಾಲಿ ಮಾಡಿ, ಮನೆಗೆ ಹೋಗಿ ಒಂದು ಸ್ಟಾರ್ ಒತ್ತುವವರ ಬಗ್ಗೆ ಮಾತ್ರ ನನಗೆ ಸಿಟ್ಟು. ಬರೆಯುವುದಾದರೆ ಯಾವ ದಿನ, ಎಷ್ಟು ಹೊತ್ತಿಗೆ, ಯಾವ ತಿಂಡಿ ಅಂತ ಬರೆಯಿರಿ. ಅಡುಗೆಮನೆಗೆ ಅದರಿಂದ ಉಪಯೋಗವಿದೆ.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್ ಶೆಫ್. ವಾರದ ನಡುವೆ ಒಂದು ಸಂಜೆ, ಬೇಗನೆ ಹೋಗಿ ನೋಡುತ್ತೇವೆ. ಅಣ್ಣ ಮಾತ್ರ ಪ್ಯಾಡ್ ಥಾಯ್ ಬಿಡುವ ಹಾಗೆ ಕಾಣಲ್ಲ.

ಉತ್ತರ: ಬಿಡುವುದು ಬೇಡ. ಬೇಗ ಹೋದರೆ ವೋಕ್ ಖಾಲಿ ಇರುತ್ತದೆ.