ಮುಂಬೈಯಲ್ಲಿ ರಾತ್ರಿ ಊಟ ಎಲ್ಲಿ? ಹೋಗಿಬಂದ ಮಲೆನಾಡಿನವರು ಹೇಳಿ

ಸಾಗರದಿಂದ ಕೇಳಿದ್ದು

ಅಡಿಕೆಯ ಕೊನೆ ಕೊಯ್ಲು ಶುರುವಾಗುವ ಮುಂಚೆ, ದಸರಾ ರಜೆಯಲ್ಲಿ ಮುಂಬೈಗೆ ಹೊರಟಿದ್ದೇವೆ. ನಾನು, ಮನೆಯವರು, ಅತ್ತೆ, ಹತ್ತನೇ ಕ್ಲಾಸಿನ ಮಗ. ಭಟ್ಕಳದಲ್ಲಿ ಮತ್ಸ್ಯಗಂಧ ರೈಲು ಹತ್ತುವುದು, ದಾದರ್ ಹತ್ತಿರ ರೂಮು. ಹಗಲು ನೋಡುವ ಜಾಗ ಎಲ್ಲ ಬರೆದಿಟ್ಟಾಗಿದೆ, ರಾತ್ರಿ ಊಟದ್ದೇ ತೋಚುತ್ತಿಲ್ಲ. ತಿರುಗಿ ಸುಸ್ತಾಗಿ ರೂಮಿನ ಪಕ್ಕದ ಯಾವುದೋ ಹೋಟೆಲಲ್ಲಿ ಪನೀರ್ ತಿಂದು ಮಲಗುವುದು ಬೇಡ, ನೆನಪಲ್ಲಿ ಉಳಿಯಬೇಕು. ನವರಾತ್ರಿ ಅಂತ ಅತ್ತೆ ಈರುಳ್ಳಿ ಬೆಳ್ಳುಳ್ಳಿ ಮುಟ್ಟುವುದಿಲ್ಲ, ಮಂಡಿನೋವು ಬೇರೆ. ಮಗನಿಗೆ ಮೀನು ಬೇಕು. ಅನುಭವ ಇದ್ದವರು ಹೇಳಿ.

ತೀರ್ಥಹಳ್ಳಿ

ಒಂದು ರಾತ್ರಿಯಾದರೂ ಸಮುದ್ರ ಕಾಣುವ ಪಂಚತಾರಾ ಹೋಟೆಲಿನಲ್ಲಿ ಕೂತು ಊಟ ಮಾಡಿ. ನಮ್ಮ ಮದುವೆಯ ಬೆಳ್ಳಿಹಬ್ಬಕ್ಕೆ ಮಕ್ಕಳಿಬ್ಬರನ್ನೂ ಕರೆದುಕೊಂಡು ಹೋಗಿದ್ದೆ. ಹೋಟೆಲಿನ ಹೆಸರು ಬೇಡ. ಕಿಟಕಿ ಪಕ್ಕದ ಟೇಬಲ್ಲೇ ಬೇಕು ಅಂತ ಮೊದಲೇ ಫೋನ್ ಮಾಡಿ 4,000 ರೂ. ಮುಂಗಡ ಕಟ್ಟಿದ್ದೆ. ಎಂಟಕ್ಕೆ ಹೋದರೆ ಅಲ್ಲಿ ಬೇರೆಯವರು ಕೂತಿದ್ದಾರೆ! ‘ನಿಮ್ಮದು ಎಂಟೂವರೆ’ ಅಂದರು. ಅವರೇ ಕಳಿಸಿದ ಮೆಸೇಜ್ ತೋರಿಸಿದೆ, ಎಂಟು ಅಂತಲೇ ಇತ್ತು. ಆಮೇಲೆ ಕೂರಿಸಿದರು. ಅಷ್ಟೆತ್ತರದಿಂದ ಮರೀನ್ ಡ್ರೈವಿನ ದೀಪದ ಸಾಲು ನೋಡುತ್ತಾ, ಇದ್ದಿಲ ಒಲೆಯ ಮೇಲೆ ರಾತ್ರಿಯಿಡೀ ಬೆಂದ ಕಪ್ಪು ಉದ್ದಿನ ದಾಲ್ ತಿಂದದ್ದು ಮನೆಯಲ್ಲಿ ಇವತ್ತಿಗೂ ಮಾತಿಗೆ ಬರುತ್ತದೆ.

ಬಿಲ್ಲಿನ ವಿಷಯ ಕೇಳಿ. ತಿಂದದ್ದು 14,200 ರೂ. ಅದರಲ್ಲಿ ನೀರಿನ ಬಾಟಲಿಗೇ 1,050. ಅದರ ಮೇಲೆ 10% ಸರ್ವಿಸ್ ಚಾರ್ಜ್ 1,420. ಆ ಸರ್ವಿಸ್ ಚಾರ್ಜನ್ನೂ ಸೇರಿಸಿ 18% ಜಿಎಸ್‌ಟಿ, 2,811 ರೂಪಾಯಿ 60 ಪೈಸೆ. ಒಟ್ಟು 18,431 ರೂಪಾಯಿ 60 ಪೈಸೆ. 18% ಸರಿ, ದಿನಕ್ಕೆ 7,500ಕ್ಕಿಂತ ಹೆಚ್ಚು ಬಾಡಿಗೆಯ ರೂಮು ಇರುವ ಹೋಟೆಲಿನೊಳಗಿನ ಊಟಕ್ಕೆ ಅಷ್ಟೇ ತೆರಿಗೆ, ಬೀದಿಯ ಹೋಟೆಲಿಗೆ 5%. ಆದರೆ ಸರ್ವಿಸ್ ಚಾರ್ಜನ್ನು ತಾನಾಗಿ ಬಿಲ್ಲಿಗೆ ಸೇರಿಸುವಂತಿಲ್ಲ ಅಂತ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲೇ ಹೇಳಿದೆ, ದೆಹಲಿ ಹೈಕೋರ್ಟು 2025ರ ಮಾರ್ಚಿನಲ್ಲಿ ಅದನ್ನೇ ಎತ್ತಿಹಿಡಿದಿದೆ. ಮ್ಯಾನೇಜರನ್ನು ಕರೆಸಿ ಇದನ್ನೇ ಹೇಳಿದೆ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡುತ್ತೇನೆ ಅಂದ ಮೇಲೆ ಹೊಸ ಬಿಲ್ಲು ಬಂತು, 16,756 ರೂ. ಯಾರೂ ಬಿಡಬೇಡಿ.

ಹೊಸನಗರ, ತೋಟದ ಮನೆಯಿಂದ

ಸಮುದ್ರ ನೋಡ್ಲಿಕ್ಕೆ ಚೌಪಾಟಿ ಇದೆ, ದುಡ್ಡು ಕೊಡ್ಬೇಕಾಗಿಲ್ಲ. ಊಟಕ್ಕೆ ಮಾಟುಂಗಕ್ಕೆ ಹೋಗಿ. ನನ್ನ ಅಮ್ಮನ್ನ ಮುಂಬೈ ತೋರಿಸ್ಲಿಕ್ಕೆ ಕರ್ಕೊಂಡು ಹೋದಾಗ ಎಲ್ಲಿ ಕೂತರೂ ಒಂದೇ ಕೆಂಪು ಗ್ರೇವಿ, ಅದರ ಮೇಲೆ ಎಣ್ಣೆ. ಅಮ್ಮ ಬಾಯಿಬಿಟ್ಟು ಹೇಳ್ಲಿಲ್ಲ, ಬರೀ ಮೊಸರನ್ನ ತಿಂದು ಏಳ್ತಿದ್ದರು. ಆಮೇಲೆ ಸಂಬಂಧಿಕರು ಹೇಳಿದ್ದು ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್. ಮಾಟುಂಗ ಸ್ಟೇಷನ್ನಿನ ಹೊರಗೇ, 1942ರಿಂದ ನಡೀತಿದೆ. ಬಾಳೆಎಲೆ ಊಟ ರಾತ್ರಿಗೂ ಇದೆ. ಅಮ್ಮ ಸಾರು ಮತ್ತೆ ಮತ್ತೆ ಹಾಕಿಸ್ಕೊಂಡ್ರು. ಬಡಿಸುವವರು ಕನ್ನಡದಲ್ಲಿ ‘ಇನ್ನೂ ಸ್ವಲ್ಪ ಅನ್ನ ಹಾಕ್ಲಾ’ ಅಂತ ಕೇಳಿದಾಗ ಅಮ್ಮನ ಮುಖ ನೋಡಬೇಕಿತ್ತು. ಅಮ್ಮ ಈಗಿಲ್ಲ. ಅಂಥ ಊಟ ಹುಡುಕಿ ಮಾಡಿಸಿದೆ ಅನ್ನೋ ಸಮಾಧಾನ ನನಗೆ ಯಾವ ಹದಿನೆಂಟು ಸಾವಿರದ ಬಿಲ್ಲಿನಲ್ಲೂ ಸಿಗೋದಿಲ್ಲ.

ಸ್ಟೇಷನ್ ಸರಿ ನೋಡ್ಕೊಳ್ಳಿ. ಸೆಂಟ್ರಲ್ ಲೈನಿಂದು ಮಾಟುಂಗ, ವೆಸ್ಟರ್ನ್ ಲೈನಿಂದು ಮಾಟುಂಗ ರೋಡ್. ನನ್ನ ತಮ್ಮನಿಗೆ ಲಾಡ್ಜಿನವನು ಹೇಳಿ ಕಳಿಸಿದ್ದು ಮಾಟುಂಗ ರೋಡ್. ಸಣ್ಣ ಮಕ್ಕಳನ್ನ ಎತ್ಕೊಂಡು ಹಳಿ ದಾಟೋ ಆ ಉದ್ದದ ಮೇಲುಸೇತುವೆ ಹತ್ತಿ ಇಳಿದು ಮುಟ್ಟೋ ಹೊತ್ತಿಗೆ ಬಾಗಿಲು ಹಾಕಿ ಆಗಿತ್ತು. ಬಿಸ್ಕೆಟ್ ತಿಂದು ಮಲಗಿದ್ದಾರೆ ಪಾಪ. ದಾದರಿನಿಂದ ಸೆಂಟ್ರಲ್ ಸ್ಲೋ ಲೋಕಲ್ ಹತ್ತಿದರೆ ಮುಂದಿನದೇ ಸ್ಟೇಷನ್.

ದುರ್ಗಿಗುಡಿ, ಶಿವಮೊಗ್ಗ

ಘಟ್ಟ ಇಳಿದು, ರಾತ್ರಿಯಿಡೀ ರೈಲಲ್ಲಿ ಕೂತು ಮುಂಬೈಗೆ ಹೋಗೋದು ಸಾರು ಅನ್ನ ತಿನ್ನೋಕಾ? ಅದು ಹೊಸನಗರದಲ್ಲೇ ಸಿಗುತ್ತೆ. ಪ್ರವಾಸ ಅಂದ್ರೆ ಅಲ್ಲಿ ಮಾತ್ರ ಸಿಗೋದನ್ನ ತಿನ್ನಬೇಕು. ಬೊಂಬಿಲ್ ಮೀನು ತಿನ್ನಿ. ನೀರು ತುಂಬಿದ ಮೆತ್ತನೆ ಮೀನು, ಬೇಗ ಕೆಡುತ್ತೆ, ಹಾಗಾಗಿ ನಮ್ಮ ಕಡೆ ತಾಜಾ ಬರೋದೇ ಇಲ್ಲ. ವಿಲೇಪಾರ್ಲೆಯ ಗಜಾಲಿಯಲ್ಲಿ ರವೆ ಹಚ್ಚಿ ಹುರಿದದ್ದು ತಿಂದಿದ್ದೀನಿ, ಹೊರಗೆ ಗರಿಗರಿ, ಒಳಗೆ ಬೆಣ್ಣೆ. ಕಾಲಾ ಘೋಡಾದ ತೃಷ್ಣಾ ಅಂದ್ರೆ ಬೆಣ್ಣೆ ಬೆಳ್ಳುಳ್ಳಿ ಏಡಿಗೆ ಹೆಸರು.

ಆದ್ರೆ ಏಡಿಗೆ ಮೆನುವಿನಲ್ಲಿ ರೇಟು ಹಾಕದ ಜಾಗಗಳಿವೆ, ‘ಮಾರುಕಟ್ಟೆ ದರ’ ಅಂತ ಅಷ್ಟೇ ಇರುತ್ತೆ, ತೂಕದ ಮೇಲೆ ದುಡ್ಡು. ಬೇರೊಂದು ಕಡೆ ನಾನು ರೇಟು ಕೇಳಿದಾಗ ‘ಎರಡು ಸಾವಿರದ ಒಳಗೆ’ ಅಂದ್ರು. ಜೀವಂತ ಏಡಿ ತಂದು ತೋರಿಸಿದ್ರು. ಬಿಲ್ಲಲ್ಲಿ 3,900! ತೂಕ ಎಲ್ಲಿ ಬರೆದಿದೆ ಅಂದ್ರೆ ಕಿಚನ್‌ನಲ್ಲಿ ಚೀಟಿ ಇದೆ ಅಂದ್ರು. ಚೀಟಿ ತರೋಕೆ ಮುಕ್ಕಾಲು ಗಂಟೆ. ತಂದಾಗ 1 ಕೆ.ಜಿ. 300 ಗ್ರಾಂ ಅಂತ ಪೆನ್ನಲ್ಲಿ ಬರೆದದ್ದು, ಶಾಯಿ ಇನ್ನೂ ಒಣಗಿರಲಿಲ್ಲ. ಕಣ್ಣೆದುರೇ ತೂಗಿಸಿ, ಫೋಟೋ ತೆಗೆದಿಟ್ಟುಕೊಳ್ಳಿ. ಅದೇ ಹೋಟೆಲಿಗೆ ಜೂನ್‌ನಲ್ಲಿ ಹೋದ ನನ್ನ ಗೆಳೆಯನಿಗೆ ಐಸಿನ ಮೀನನ್ನೇ ತಾಜಾ ಅಂತ ಕೊಟ್ಟಿದ್ದಾರೆ. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿ ಕಡಲಿಗೆ ಇಳಿಯೋ ಹಾಗೇ ಇಲ್ಲ, ತಾಜಾ ಎಲ್ಲಿಂದ ಬರುತ್ತೆ? ದಸರಾಕ್ಕೆ ಆ ತೊಂದರೆ ಇಲ್ಲ.

ಹೊಸನಗರ, ತೋಟದ ಮನೆಯಿಂದ

ಸಾರು ಅನ್ನ ತಿನ್ನೋಕಾ ಅಂತ ಕೇಳಿದ್ರಲ್ಲ, ನಾನು ಹೇಳಿದ್ದು ನನ್ನ ಅಮ್ಮನ ವಿಷಯ. ವಯಸ್ಸಾದವರ ಜೊತೆ ಪ್ರವಾಸ ಮಾಡಿದವರಿಗೆ ಅದು ಅರ್ಥ ಆಗುತ್ತೆ. ಕೇಳಿದವರ ಅತ್ತೆ ನವರಾತ್ರಿ ಮಾಡ್ತಿದ್ದಾರೆ. ಅವರನ್ನ ಎದುರಿಗೆ ಕೂರಿಸ್ಕೊಂಡು ಏಡಿ ಒಡೀಬೇಕಾ?

ಭದ್ರಾವತಿ

ನಾನು ಹೋಟೆಲ್ ನಡೆಸುವವನು. ತೀರ್ಥಹಳ್ಳಿಯವರ ಬರಹ ಓದಿ ಸಂಕಟವಾಯಿತು. 14,200 ರೂಪಾಯಿ ಊಟಕ್ಕೆ ಕೊಡಬಹುದು, ನಿಂತು ಬಡಿಸಿದ ಹುಡುಗನಿಗೆ ಹೋಗುವ 1,420ಕ್ಕೆ ಹೈಕೋರ್ಟು ಬೇಕಾಯಿತೇ? ನನ್ನಂಥವನ ಲೆಕ್ಕ ಕೇಳಿ. ಗಿರಾಕಿಯಿಂದ ತೆಗೆದುಕೊಂಡ 5% ಪೂರ್ತಿ ಸರ್ಕಾರಕ್ಕೆ ಕಟ್ಟುತ್ತೇನೆ. 19 ಕೆ.ಜಿ. ಸಿಲಿಂಡರಿನ ಮೇಲೆ, ಅಂಗಡಿ ಬಾಡಿಗೆಯ ಮೇಲೆ, ಮಿಕ್ಸಿ ಗ್ರೈಂಡರಿನ ಮೇಲೆ ನಾನು ಕೊಟ್ಟ ತೆರಿಗೆಯಲ್ಲಿ ಒಂದು ಪೈಸೆ ವಾಪಸು ಬರುವುದಿಲ್ಲ, 5% ಪದ್ಧತಿಯಲ್ಲಿ ಇನ್‌ಪುಟ್ ಕ್ರೆಡಿಟ್ ಇಲ್ಲ. ಹುಡುಗರಿಗೆ ರೂಮು, ಊಟ, ಸಂಬಳ, ಹಬ್ಬಕ್ಕೆ ಮುಂಗಡ. ಮುಂಗಡ ತೆಗೆದುಕೊಂಡು ಊರಿಗೆ ಹೋದವರು ಕೆಲವರು ಬರುವುದೇ ಇಲ್ಲ. ನಾನು ಸರ್ವಿಸ್ ಚಾರ್ಜ್ ಹಾಕುವುದಿಲ್ಲ. ಆದರೂ ಅದನ್ನು ಕಳ್ಳತನದ ಹಾಗೆ ಬರೆದಿದ್ದೀರಲ್ಲ, ತಡೆಯಲಾಗಲಿಲ್ಲ.

ತೀರ್ಥಹಳ್ಳಿ

ಆ ಹುಡುಗನ ಕೈಗೆ ನಾನೇ 1,000 ರೂ. ಕೊಟ್ಟು ಬಂದಿದ್ದೇನೆ, ಅದು ನೇರ ಅವನಿಗೆ ಸಿಕ್ಕಿತು. ಬಿಲ್ಲಿನಲ್ಲಿ ಬಂದ 1,420 ಅವನಿಗೆ ತಲುಪುತ್ತದೆ ಅನ್ನುವುದಕ್ಕೆ ನಿಮ್ಮ ಹತ್ತಿರ ಏನು ಆಧಾರ? ಕಾನೂನು ಹೇಳಿದರೆ ಸಂಕಟ ಯಾಕೆ?

ಭದ್ರಾವತಿ

1,000 ಕೊಟ್ಟದ್ದನ್ನು ಮೊದಲೇ ಬರೆಯಬೇಕಿತ್ತು. 60 ಪೈಸೆ ಬರೆಯಲು ನೆನಪಿತ್ತಲ್ಲ.

ಕೊಪ್ಪ

ಇಬ್ಬರೂ ಸ್ವಲ್ಪ ನಿಲ್ಲಿಸಿ. ಕೇಳಿದ್ದು ರಾತ್ರಿ ಊಟ. ಮುಂಬೈಯ ಹೆಸರುವಾಸಿ ಹಳೆಯ ಜಾಗಗಳೆಲ್ಲ ರಾತ್ರಿ ತೆರೆದಿರುತ್ತವೆ ಅಂದುಕೊಂಡು ಹೋಗಬೇಡಿ. ಬಲಾರ್ಡ್ ಎಸ್ಟೇಟಿನ ಬ್ರಿಟಾನಿಯಾ 1923ರದ್ದು, ಬೆರ್ರಿ ಪುಲಾವಿಗೆ ಪ್ರಸಿದ್ಧ. ಸುತ್ತಮುತ್ತ ಆಫೀಸುಗಳು, ಅಲ್ಲಿ ಮಧ್ಯಾಹ್ನದ ಊಟ ಮಾತ್ರ. ಧೋಬಿ ತಲಾವಿನ ಕಯಾನಿ 1904ರದ್ದು, ಅದು ಬನ್ ಮಸ್ಕಾ ಚಹಾದ ಜಾಗ, ಅಲ್ಲಿಗೆ ಬೆಳಿಗ್ಗೆಯೇ ಹೋಗಬೇಕು. ನಾವು ದೊಡ್ಡ ಊಟವನ್ನೆಲ್ಲ ಮಧ್ಯಾಹ್ನಕ್ಕೆ ಇಟ್ಟುಕೊಂಡು ರಾತ್ರಿ ರೂಮಿನ ಹತ್ತಿರ ಇಡ್ಲಿ ತಿಂದೆವು. ಎಂಬತ್ತು ದಾಟಿದ ಅಪ್ಪ ಚೆನ್ನಾಗಿದ್ದರು, ನಿದ್ದೆ ಕೆಡಲಿಲ್ಲ. ಅದೇ ಸರಿ ಅಂತ ನನ್ನ ಗಟ್ಟಿ ಅಭಿಪ್ರಾಯ.

ಹಾಗೆ ಮಾಡಿದ್ದಕ್ಕೆ ಕಾರಣ ಮೊದಲ ರಾತ್ರಿಯ ಕಷ್ಟ. ಅಂಧೇರಿಯ ನೆಂಟರ ಮನೆಯಿಂದ ಕೊಲಾಬಾಕ್ಕೆ ಆಟೋ ಹತ್ತಿದೆವು. ಬಾಂದ್ರಾದಲ್ಲಿ ಇಳಿಸಿ ‘ಮುಂದೆ ಆಟೋ ಬಿಡುವುದಿಲ್ಲ’ ಅಂದ. ಹತ್ತುವಾಗ ಒಂದು ಮಾತು ಹೇಳಲಿಲ್ಲ. ಪಶ್ಚಿಮದಲ್ಲಿ ಬಾಂದ್ರಾ, ಪೂರ್ವದಲ್ಲಿ ಸಯನ್, ಅಲ್ಲಿಂದ ದಕ್ಷಿಣಕ್ಕೆ ಆಟೋಗೆ ಪರವಾನಗಿ ಇಲ್ಲ, ಟ್ಯಾಕ್ಸಿಯೇ ಆಗಬೇಕು. ಮಳೆ ಬೇರೆ. ಕಪ್ಪು ಹಳದಿ ಟ್ಯಾಕ್ಸಿಯವರು ಅಷ್ಟು ದೂರ ಒಲ್ಲೆ ಅಂದರು, ಆ್ಯಪಿನಲ್ಲಿ 840 ರೂ. ತೋರಿಸಿತು. ಕೊಟ್ಟು ಹೋದರೆ ಹದಿನೈದು ನಿಮಿಷ ತಡ ಅಂತ ಹೋಟೆಲಿನವರು ಟೇಬಲನ್ನು ಬೇರೆಯವರಿಗೆ ಕೊಟ್ಟಿದ್ದರು. ಅಪ್ಪ ಮೆಟ್ಟಿಲ ಮೇಲೆ ಕೂತರು. ಆ ಹೋಟೆಲಿನ ಮೇಲಿನ ಸಿಟ್ಟು ನನಗೆ ಹೋಗಿಲ್ಲ.

ಶೃಂಗೇರಿ

ಮೊದಲ ಮಳೆಗೆ ಹಳ್ಳ ಹತ್ತಿ ಬರುವ ಹತ್‌ಮೀನು, ಗದ್ದೆಯಂಚಿನ ಏಡಿ ಸಾರು, ಜೊತೆಗೆ ಕಡುಬು. ಇದನ್ನು ತಿಂದ ಬಾಯಿಗೆ 3,900ರ ಏಡಿ ಎಂತಕ್ಕೆ?

ದುರ್ಗಿಗುಡಿ, ಶಿವಮೊಗ್ಗ

ಗದ್ದೆ ಏಡಿಗೂ ಸಮುದ್ರದ ಏಡಿಗೂ ಹೋಲಿಕೆಯೇ ಇಲ್ಲ. ಗದ್ದೆ ಏಡಿ ಜಜ್ಜಿ ರಸ ತೆಗೆದು ಸಾರು ಮಾಡೋದಕ್ಕೆ, ಅದರಲ್ಲಿ ಮಾಂಸ ಎಷ್ಟಿರುತ್ತೆ? ನಾನೂ ಅದನ್ನ ತಿಂದೇ ಬೆಳೆದವನು. ಮುಂಬೈ ಪ್ರಶ್ನೆಗೆ ಇದು ಉತ್ತರ ಅಲ್ಲ.

ಶೃಂಗೇರಿ

ಹತ್‌ಮೀನು ಮೊಟ್ಟೆಯಿಡಲಿಕ್ಕೆ ಬರುವುದು, ಅದನ್ನು ಹಿಡಿಯುವುದೇ ತಪ್ಪು ಅಂತ ಹೇಳುತ್ತೀರೇನೋ ಅಂದುಕೊಂಡಿದ್ದೆ. ಹಾಗೆ ಹೇಳಿದ್ದರೆ ಒಪ್ಪುತ್ತಿದ್ದೆ. ನಮ್ಮ ಹಳ್ಳದಲ್ಲಿ ಈಗ ಮೀನು ಕಡಿಮೆಯಾಗಿದೆ. ರುಚಿಯ ವಿಷಯದಲ್ಲಿ ಮಾತ್ರ ನಾನು ಬಿಡುವುದಿಲ್ಲ.

ಸಾಗರದಿಂದ ಕೇಳಿದವರು

ಎಲ್ಲರಿಗೂ ಧನ್ಯವಾದ. ಅತ್ತೆಯ ಮಂಡಿನೋವಿನ ವಿಷಯ ಯಾರೂ ಹೇಳಲಿಲ್ಲ. ಮಾಟುಂಗದ ಬೋರ್ಡಿಂಗು ನೆಲಮಹಡಿಯೇ? ನಮಗೆ ಸೋಮವಾರ ರಾತ್ರಿ ಮಾತ್ರ ಆ ಕಡೆ ಬಿಡುವು.

ಕೊಪ್ಪ

ಮೊದಲ ಮಹಡಿ. ಮೆಟ್ಟಿಲು ಹತ್ತಲೇಬೇಕು. ಮಂಡಿನೋವು ಅಂತ ಮೊದಲೇ ಬರೆದಿದ್ದರೂ ಹೊಸನಗರದವರು ಅದನ್ನು ಹೇಳಲಿಲ್ಲ.

ಹೊಸನಗರ, ತೋಟದ ಮನೆಯಿಂದ

ನನ್ನ ಅಮ್ಮ ಕೈಹಿಡಿ ಹಿಡ್ಕೊಂಡು ಹತ್ತಿದರು, ಮಂಡಿ ಅವರಿಗೂ ನೋಯ್ತಿತ್ತು. ಅಷ್ಟು ಮೆಟ್ಟಿಲಿಗೆ ಆ ಊಟ ಬಿಡಬೇಡಿ ಅಂತಲೇ ನಾನು ಈಗಲೂ ಹೇಳೋದು. ಸೋಮವಾರ ಮಾತ್ರ ಆಗೋದಿಲ್ಲ, ಅವತ್ತು ರಜೆ. ಕಿಂಗ್ಸ್ ಸರ್ಕಲ್‌ನ ಕೆಫೆ ಮದ್ರಾಸ್, 1940ರದ್ದು, ಅದಕ್ಕೂ ಸೋಮವಾರವೇ ರಜೆ.

ಭದ್ರಾವತಿ

ಸೋಮವಾರಕ್ಕೆ ಚರ್ಚ್‌ಗೇಟಿನ ಸಾಮ್ರಾಟ್ ನೋಡಿ, ಗುಜರಾತಿ ಥಾಲಿ. ಈರುಳ್ಳಿ ಬೆಳ್ಳುಳ್ಳಿ ಬೇಡ ಅಂತ ಕೂರುವ ಮೊದಲೇ ಹೇಳಿ, ಜೈನರಿಗೆ ಬಡಿಸಿ ಅಭ್ಯಾಸ ಇರುವವರು ಅವರು. ಕಾಲ್ಬಾದೇವಿಯ ಠಾಕರ್ ಭೋಜನಾಲಯ 1945ರದ್ದು, ಹೋಟೆಲಿನವನಾಗಿ ಹೇಳುತ್ತೇನೆ, ಆ ಬಡಿಸುವ ವೇಗ ಬೇರೆಲ್ಲೂ ನೋಡಿಲ್ಲ. ಆದರೆ ಅದೂ ಮೊದಲ ಮಹಡಿ. ದಾಲ್ ಸಿಹಿ ಇರುತ್ತದೆ, ಅತ್ತೆಗೆ ಮೊದಲೇ ತಿಳಿಸಿ. ಎಂಟೂವರೆಯ ಮೇಲೆ ಸಾಲು ಉದ್ದ, ಏಳೂವರೆಗೇ ಹೋಗಿ. ಬಡಿಸಿದವರಿಗೆ ಕೈಯಲ್ಲೇ ಏನಾದರೂ ಕೊಡಿ.

ತೀರ್ಥಹಳ್ಳಿ

ಕೈಯಲ್ಲೇ ಕೊಡಿ ಅಂತ ಈಗ ಇವರೂ ಹೇಳುತ್ತಿದ್ದಾರೆ. ನಾನು ಮಾಡಿದ್ದೂ ಅದನ್ನೇ.

ದುರ್ಗಿಗುಡಿ, ಶಿವಮೊಗ್ಗ

ಮಗನ ಮೀನಿಗೆ ಒಂದು ರಾತ್ರಿ ಬೇರೆ ಇಡಿ. ಅತ್ತೆಗೆ ಅವತ್ತು ಸಂಜೆಯೇ ಊಟ ಮಾಡಿಸಿ ರೂಮಲ್ಲಿ ಬಿಟ್ಟು ಹೋಗಿ. ವಿಲೇಪಾರ್ಲೆ ದಾದರಿನಿಂದ ವೆಸ್ಟರ್ನ್ ಲೈನ್, ಸ್ಲೋ ಗಾಡಿ ಹತ್ತಿ, ಪೂರ್ವದ ಕಡೆ ಇಳೀರಿ. ಬೊಂಬಿಲ್ ಖಾಲಿಯಾದ್ರೆ ಬಾಂಗಡೆಗೆ ಒಪ್ಪಬೇಡಿ, ಅದು ಭಟ್ಕಳದಲ್ಲೇ ಸಿಗುತ್ತೆ.