ಪಾರ್ಶ್ವವಾಯುವಿನ ನಂತರ ಮತ್ತೆ ಆಸ್ಪತ್ರೆ: ಮನೆಯ ಆರೈಕೆಯಲ್ಲಿ ಏನು ಗಮನಿಸಬೇಕು?

ಪ್ರಶ್ನೆ
ಎಪ್ಪತ್ತಾರು ವರ್ಷದ ನಮ್ಮ ತಂದೆಯವರಿಗೆ ಬಲಭಾಗಕ್ಕೆ ಪಾರ್ಶ್ವವಾಯು ಬಡಿದು, ಚಿಕಿತ್ಸೆಯ ಬಳಿಕ ಮನೆಗೆ ಕರೆತಂದಿದ್ದೆವು. ತಿಂಗಳು ತುಂಬುವ ಮೊದಲೇ ಜ್ವರ, ಕಫ ಹೆಚ್ಚಾಗಿ ನ್ಯುಮೋನಿಯಾ ಎಂದು ಪುನಃ ದಾಖಲಿಸಬೇಕಾಯಿತು. ಮೊದಲ ಬಾರಿ ಬಿಡುಗಡೆಯಾದಾಗ ಡಿಸ್ಚಾರ್ಜ್ ಸಮ್ಮರಿ ಮತ್ತು ಮಾತ್ರೆಗಳ ಚೀಟಿ ಬಿಟ್ಟರೆ ಬೇರೆ ಸೂಚನೆ ಸಿಗಲಿಲ್ಲ. ಊಟದ ನಡುವೆ ಕೆಮ್ಮುತ್ತಾರೆ. ಮೂತ್ರಕ್ಕೆ ಪೈಪು ಹಾಕಿದ್ದಾರೆ. ಈ ವಾರ ಮನೆಗೆ ಕಳುಹಿಸುವರಂತೆ. ತಿಳಿದವರು ದಯವಿಟ್ಟು ಸಲಹೆ ನೀಡಿ.

ಉತ್ತರ 1 (ವಾಕ್ ಚಿಕಿತ್ಸಕಿ)
ಊಟದ ನಡುವಿನ ಆ ಕೆಮ್ಮನ್ನು ಹಗುರವಾಗಿ ಕಾಣಬೇಡಿ. ಗಂಟಲಿನ ಸ್ನಾಯುಗಳು ಸೋತಾಗ ಅನ್ನನಾಳಕ್ಕೆ ಹೋಗಬೇಕಾದ ಆಹಾರ ಶ್ವಾಸನಾಳಕ್ಕೆ ಇಳಿದು ಸೋಂಕು ತರುತ್ತದೆ. ಕೆಲವರಿಗೆ ಕೆಮ್ಮೂ ಬಾರದೆ, ಉಂಡ ಮೇಲೆ ಧ್ವನಿ ಗೊರಗೊರ ಎನ್ನುವುದಷ್ಟೇ ಸುಳಿವಾಗಿರುತ್ತದೆ. ತೆಳುವಾದದ್ದು ಸಲೀಸಾಗಿ ಇಳಿಯುತ್ತದೆಂದು ನಮ್ಮವರು ನೀರು, ತಿಳಿಸಾರು, ಮಜ್ಜಿಗೆಯನ್ನೇ ಕುಡಿಸುತ್ತಾರೆ, ಆದರೆ ಇಂಥವರಿಗೆ ಅದೇ ಹೆಚ್ಚು ಅಪಾಯಕರ. ಅಗಿಯದೆ ನುಂಗುವ ಮುದ್ದೆ, ಉದುರುದುರಾದ ಅವಲಕ್ಕಿಯೂ ಸದ್ಯಕ್ಕೆ ಬೇಡ. ಬಿಡುಗಡೆಗೆ ಮೊದಲೇ ನುಂಗುವಿಕೆಯ ಪರೀಕ್ಷೆ ಮಾಡಿಸಿ, ಯಾವ ಹದದ ಆಹಾರ ಕೊಡಬೇಕೆಂಬುದನ್ನು ಬರೆಸಿಕೊಳ್ಳಿ. ನೆಟ್ಟಗೆ ಕೂರಿಸಿ ಸಣ್ಣ ತುತ್ತು ಕೊಡಿ, ಉಂಡ ಮೇಲೆ ಅರ್ಧ ಗಂಟೆಯಾದರೂ ಮಲಗಿಸಬೇಡಿ. ನಿತ್ಯವೂ ಬಾಯಿ ಸ್ವಚ್ಛಗೊಳಿಸಿ. ಕೆನ್ನೆಯೊಳಗೆ ಉಳಿದ ಅಗುಳನ್ನೂ ತೆಗೆಯಿರಿ.

ಉತ್ತರ 2 (ನಿವೃತ್ತ ಶುಶ್ರೂಷಕಿ)
ಪೈಪು ಇನ್ನೂ ಅಗತ್ಯವೇ ಎಂದು ವೈದ್ಯರನ್ನು ಕೇಳಿ. ಅದು ಉಳಿದಷ್ಟೂ ಮೂತ್ರದ ಸೋಂಕು ಹೆಚ್ಚು. ಇರುವಷ್ಟು ಕಾಲ ಚೀಲವನ್ನು ಸೊಂಟಕ್ಕಿಂತ ಕೆಳಗೆ ತೂಗುಹಾಕಿ, ನೆಲಕ್ಕೆ ತಾಗಿಸಬೇಡಿ. ಸ್ವತಃ ಹೊರಳಲಾಗದಿದ್ದರೆ ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಎಬ್ಬಿಸುವಾಗ ಸೋತ ಕೈಯನ್ನು ಹಿಡಿದು ಎಳೆಯಲೇಬಾರದು, ಭುಜ ಜಾರುತ್ತದೆ.

ಉತ್ತರ 3 (ವೈದ್ಯ)
ಮೇಲಿನ ಸಲಹೆಗಳು ಸರಿಯೇ. ಆದರೆ ಮನೆಯವರಿಗೆ ಕಲಿಸಿಬಿಟ್ಟರೆ ಎಲ್ಲವೂ ಆಯಿತೆಂಬ ನಂಬಿಕೆಗೆ ನನ್ನ ತಕರಾರಿದೆ. ಭಾರತದ 14 ಆಸ್ಪತ್ರೆಗಳ 1250 ರೋಗಿಗಳ ಮೇಲೆ ನಡೆದು 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ 'ಅಟೆಂಡ್' ಅಧ್ಯಯನದಲ್ಲಿ, ವ್ಯಾಯಾಮದ ಹೊಣೆಯನ್ನು ತರಬೇತಿ ಕೊಟ್ಟು ಮನೆಯವರಿಗೆ ವಹಿಸಿದ್ದರಿಂದ ಆರು ತಿಂಗಳ ನಂತರದ ಸಾವು ಅಥವಾ ಪರಾವಲಂಬನೆ ಕಡಿಮೆಯಾಗಲಿಲ್ಲ. ಆದ್ದರಿಂದ ಫಿಸಿಯೋಥೆರಪಿಸ್ಟ್ ಭೇಟಿಯನ್ನು ತಪ್ಪಿಸಬೇಡಿ. ಬಿಪಿ ಹತೋಟಿಗೆ ಬಂತೆಂದು ಮಾತ್ರೆ ನಿಲ್ಲಿಸುವುದು, ರಕ್ತ ತೆಳುವಾಗಿಸುವ ಮಾತ್ರೆಯನ್ನು ಹಲ್ಲು ಕೀಳಿಸಲೆಂದು ತಾವಾಗಿಯೇ ಬಿಡುವುದು ಎರಡನೆಯ ಆಘಾತಕ್ಕೆ ದಾರಿ. ಮುಖ ಸೊಟ್ಟಗಾದರೆ, ಮಾತು ತೊದಲಿದರೆ ಬೆಳಗಾಗಲಿ ಎಂದು ಕಾಯದೆ ಹೊರಡಿ. ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ಇರುವುದು ನಾಲ್ಕೂವರೆ ಗಂಟೆಯ ಅವಕಾಶ ಮಾತ್ರ.