ಪದಚರ್ಚೆ: ಕಾರಿಗೆ ಕೂರಿಸುವ ‘ಟ್ರೇಲರ್ ಹಿಚ್’ನ ಭಾಗಗಳಿಗೆ ಕನ್ನಡದಲ್ಲಿ ಏನೆನ್ನಬೇಕು?

ಪ್ರಶ್ನೆ

ಮಾನ್ಯರೇ,

ಮನೆಯಲ್ಲಿಯೇ ಕಾರಿಗೆ ಟ್ರೇಲರ್ ಹಿಚ್ (ಹಿಂದೆ ಟ್ರೇಲರನ್ನು ಕಟ್ಟಿ ಎಳೆಯುವ ಜೋಡಣೆ) ಅಳವಡಿಸಿಕೊಳ್ಳುವವರಿಗಾಗಿ ಬರೆದ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆಯೊಳಗೆ ಅದು ಅಚ್ಚಿಗೆ ಹೋಗಬೇಕು. ವಾಕ್ಯಗಳು ತೊಂದರೆ ಕೊಡುತ್ತಿಲ್ಲ, ಭಾಗಗಳ ಹೆಸರುಗಳು ಕಾಡುತ್ತಿವೆ. ಕಾರಿನ ಚಾಸಿಗೆ ಬೋಲ್ಟು ಹಾಕಿ ಬಿಗಿಯುವ ಅಡ್ಡತೊಲೆ ಮತ್ತು ಅದರ ನಡುವಿನ ಚೌಕಾಕಾರದ ಕೊಳವೆ, ಆ ಕೊಳವೆಯೊಳಗೆ ತೂರಿಸುವ ಉಕ್ಕಿನ ತುಂಡು, ಅದರ ತುದಿಯ ಗುಂಡು, ಗುಂಡಿನ ಮೇಲೆ ಕವುಚಿಕೊಳ್ಳುವ ಟ್ರೇಲರಿನ ಬಾಯಿ, ಇವೆಲ್ಲವನ್ನೂ ಆಡುಮಾತಿನಲ್ಲಿ ಒಟ್ಟಾಗಿ ‘ಹಿಚ್’ ಎಂದುಬಿಡುವುದುಂಟು. ಕೈಪಿಡಿಯಲ್ಲಿ ಹಾಗೆ ಮಾಡುವಂತಿಲ್ಲ. ಏಕೆಂದರೆ ಪ್ರತಿಯೊಂದು ಭಾಗಕ್ಕೂ ಅದರದ್ದೇ ಭಾರಮಿತಿ ಇರುತ್ತದೆ, ಕಾರಿಗೂ ಒಂದು ಮಿತಿ ಇರುತ್ತದೆ, ಅವೆಲ್ಲದರಲ್ಲಿ ಅತಿ ಕಡಿಮೆಯದು ಯಾವುದೋ ಅದೇ ಇಡೀ ಜೋಡಣೆಯ ಮಿತಿಯಾಗುತ್ತದೆ.

ಕರಡಿನಲ್ಲಿ ಸದ್ಯಕ್ಕೆ ಆ ಉಕ್ಕಿನ ತುಂಡಿಗೆ ‘ಗುಂಡುಪೀಠ’ ಎಂದು ಇಟ್ಟುಕೊಂಡಿದ್ದೇನೆ. ಟ್ರೇಲರಿನ ಮುಂಚಾಚು ಗುಂಡಿನ ಮೇಲೆ ಹೇರುವ ಭಾರಕ್ಕೆ ಇಂಗ್ಲಿಷಿನಲ್ಲಿ ‘ಟಂಗ್ ವೆಯ್ಟ್’ ಎನ್ನುತ್ತಾರೆ, ಯಂತ್ರಾನುವಾದವು ಅದನ್ನು ‘ನಾಲಿಗೆಯ ತೂಕ’ ಎಂದು ಕೊಟ್ಟಿದೆ. ಅದನ್ನು ಓದಿದವರು ವೈದ್ಯರ ಬಳಿ ಹೋದಾರು. ತಮ್ಮಲ್ಲಿ ಯಾರಿಗಾದರೂ ಬಳಕೆಯ ಪದ ಗೊತ್ತಿದ್ದರೆ ದಯವಿಟ್ಟು ಇಂದೇ ತಿಳಿಸಿ.

ಮೊದಲ ಉತ್ತರ

‘ಹಿಚ್’ ಎಂದೇ ಬಿಡಿ. ಬೋಲ್ಟು, ನಟ್ಟು, ವಾಷರು, ಜಾಕು ಎಲ್ಲವೂ ಬಂದು ಕುಳಿತಿರುವಾಗ ಇದೊಂದಕ್ಕೆ ಬಾಗಿಲು ಹಾಕುವುದು ಹಾಸ್ಯಾಸ್ಪದ. ಒಂದೇ ಸೂಚನೆ: ಸ್ವರಾಂತ ಮಾಡಿಕೊಳ್ಳಿ. ‘ಹಿಚ್ಚು’ ಎಂದರೆ ‘ಹಿಚ್ಚಿನ, ಹಿಚ್ಚಿಗೆ, ಹಿಚ್ಚಿನಿಂದ’ ಎಂದು ವಿಭಕ್ತಿ ತಾನಾಗಿ ಹತ್ತುತ್ತದೆ.

ಎರಡನೆಯ ಉತ್ತರ

ಮೇಲಿನದು ಸೋಮಾರಿತನವೇ ಹೊರತು ವಾದವಲ್ಲ. ಎಳೆಯುವುದಕ್ಕೆ ಒದಗುವ ಕೊಂಡಿಯಾದ್ದರಿಂದ ಅದು ‘ಎಳೆಗೊಂಡಿ’. ಕಕಾರಕ್ಕೆ ಗಕಾರ ಆದೇಶವಾಗಿರುವುದನ್ನು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಅದೇ ಜಾಡಿನಲ್ಲಿ ಟ್ರೇಲರ್ ‘ಎಳೆಬಂಡಿ’ಯಾಗುತ್ತದೆ, ಚಲನಚಿತ್ರದ ಟ್ರೇಲರಿನೊಡನೆ ಕಲಸಿಹೋಗುವುದೂ ತಪ್ಪುತ್ತದೆ. ಆದರೆ ‘ಗುಂಡುಪೀಠ’ವನ್ನು ಮಾತ್ರ ದಯವಿಟ್ಟು ಅಳಿಸಿಹಾಕಿ. ಅಚ್ಚಗನ್ನಡದ ‘ಗುಂಡು’ವಿಗೆ ಸಂಸ್ಕೃತದ ‘ಪೀಠ’ವನ್ನು ಬೆಸೆದಿರುವ ಈ ಅರಿಸಮಾಸವನ್ನು ಒಪ್ಪಬೇಕಾದ ಒತ್ತಡ ಯಾವುದೂ ಕಾಣುತ್ತಿಲ್ಲ. ಹಿಂದಿನ ಕವಿಗಳು ಬಳಸಿದ್ದನ್ನು ಬಿಟ್ಟು ಹೊಸದಾಗಿ ಹೀಗೆ ಕೂಡಿಸಬಾರದೆಂದು ವ್ಯಾಕರಣಕಾರ ಕೇಶಿರಾಜನು 13ನೆಯ ಶತಮಾನದಲ್ಲಿಯೇ ಗೆರೆ ಎಳೆದಿದ್ದಾನೆ. ಕಾರಿನ ಕೈಪಿಡಿಗೆ ಆ ಗೆರೆಯಿಂದ ವಿನಾಯಿತಿ ಇದೆ ಎಂದು ನಾನು ಭಾವಿಸುವುದಿಲ್ಲ.

ಮೂರನೆಯ ಉತ್ತರ

‘ಎಳೆಗರು’ ಎಂದರೆ ಎಳೆಯ ಕರು, ‘ಎಳೆಗೂಸು’ ಎಂದರೆ ಎಳೆಯ ಕೂಸು. ಹಾಗಾದರೆ ‘ಎಳೆಗೊಂಡಿ’ ಎಂದರೆ ಇನ್ನೂ ಬಲಿಯದ ಕೊಂಡಿಯೇ? ಬಲಿಯದ ಕೊಂಡಿಗೆ ಟನ್ನುಗಟ್ಟಲೆ ಭಾರ ಕಟ್ಟಬಾರದು.

ಎರಡನೆಯ ಉತ್ತರದವರಿಂದ

ಎಳೆತನದ ‘ಎಳೆ’ಯಲ್ಲಿರುವುದು ಳಕಾರ, ಸೆಳೆಯುವ ‘ಎಳೆ’ಯಲ್ಲಿ ಹಿಂದೆ ಇದ್ದದ್ದು ೞಕಾರ. ತಮಿಳು ಇಂದಿಗೂ ಈ ಎರಡನ್ನು ಬೇರೆಯಾಗಿಯೇ ಉಳಿಸಿಕೊಂಡಿದೆ. ‘ಎೞೆಗೊಂಡಿ’ ಎಂದು ಬರೆದರೆ ತಮ್ಮ ಕುಚೋದ್ಯಕ್ಕೆ ಎಡೆಯೇ ಇರುವುದಿಲ್ಲ.

ನಾಲ್ಕನೆಯ ಉತ್ತರ

ಈ ಅಕ್ಷರವನ್ನು ಓದಬಲ್ಲವರು ಕಾರಿನಡಿ ಮಲಗಿ ಬೋಲ್ಟು ಬಿಗಿಯುವವರಲ್ಲಿ ಎಷ್ಟು ಮಂದಿ ಸಿಕ್ಕಾರು? ಅದು ಹಾಗಿರಲಿ. ‘ಹಿಚ್’ ಎಂಬುದು ನಮ್ಮ ‘ಹಚ್ಚು’ವಿನ ರೂಪಾಂತರವೆಂದು ನನಗೆ ಬಹುಕಾಲದಿಂದ ಅನ್ನಿಸಿದೆ. ಅಂಟಿಸು, ತಗಲಿಸು, ಸೇರಿಸು ಎಂಬ ಅರ್ಥ ಎರಡರಲ್ಲಿಯೂ ಒಂದೇ. ಆದ್ದರಿಂದ ‘ಹಚ್ಚುಗೊಂಡಿ’ ಎಂದರೆ ಪರಭಾಷೆಯ ಹಂಗೂ ಇಲ್ಲ, ಹೊಸ ಪದದ ಹೊರೆಯೂ ಇಲ್ಲ.

ಐದನೆಯ ಉತ್ತರ

‘ಹಚ್ಚು’ವಿನ ಹಕಾರವು ಹಳಗನ್ನಡದ ಪಕಾರದಿಂದ ಬಂದದ್ದು, ‘ಪತ್ತು’ ‘ಹತ್ತು’ ಆದ ಹಾಗೆ. ಇಂಗ್ಲಿಷಿನ ಪದಕ್ಕೆ ಆ ಇತಿಹಾಸವಿಲ್ಲ. ಎರಡು ಪದಗಳ ಸದ್ದು ಹೊಂದಿದ ಮಾತ್ರಕ್ಕೆ ನೆಂಟಸ್ತಿಕೆ ಕಟ್ಟುವ ಅಭ್ಯಾಸವನ್ನು ಇಲ್ಲಿಗೇ ನಿಲ್ಲಿಸೋಣ.

ಪ್ರಶ್ನೆ ಕೇಳಿದವರಿಗೆ ಬೇಕಾಗಿರುವುದು ನಿರುಕ್ತವಲ್ಲ. ಹಿಚ್ಚನ್ನು ನನ್ನ ಕೈಯಿಂದಲೇ ಕೂರಿಸಿರುವುದರಿಂದ, ಕೈಗೆ ಯಾವುದು ಯಾವಾಗ ಸಿಗುತ್ತದೆ ಎಂಬ ಕ್ರಮದಲ್ಲಿ ಹೇಳುತ್ತೇನೆ. ಹೆಸರುಗಳೂ ಅದೇ ಕ್ರಮದಲ್ಲಿ ಹುಟ್ಟಬೇಕು.

ಚಾಸಿಗೆ ಬಿಗಿಯುವ ಅಡ್ಡತೊಲೆ ಒಂದು ಆಳು ಅಂಗಾತ ಮಲಗಿ ಎತ್ತಿಹಿಡಿದು ಬಿಗಿಯುವಷ್ಟು ಹಗುರವಲ್ಲ. ಇನ್ನೊಬ್ಬರ ಕೈಯೋ ಜಾಕೋ ಬೇಕು. ಅದರೊಡನೆ ಬೆಸೆದುಕೊಂಡೇ ಬರುವ ಚೌಕ ಕೊಳವೆಯ ಒಳಅಳತೆ ಸಣ್ಣ ಕಾರುಗಳಲ್ಲಿ 1¼ ಇಂಚು, ದೊಡ್ಡವುಗಳಲ್ಲಿ 2 ಇಂಚು ಇರುವುದು ಸಾಮಾನ್ಯ. ಇವೆರಡೂ ಕಾರಿನಲ್ಲಿಯೇ ಉಳಿಯುವ ಭಾಗಗಳಾದ್ದರಿಂದ ಎರಡನ್ನೂ ಸೇರಿಸಿ ‘ಹಿಚ್’ ಎಂದು ಕರೆಯಿರಿ, ಕೊಳವೆಯನ್ನು ಮಾತ್ರ ಹೇಳಬೇಕಾದಲ್ಲಿ ‘ಹಿಚ್ಚಿನ ಗೂಡು’ ಎನ್ನಿ. ಗೂಡಿನೊಳಗೆ ತೂರುವುದು ‘ತೋಳು’. ಅದು ಟ್ರೇಲರಿನ ಎತ್ತರಕ್ಕೆ ಹೊಂದುವಂತೆ ಮೇಲಕ್ಕೋ ಕೆಳಕ್ಕೋ ಬಾಗಿರುತ್ತದೆ, ಕೆಲಸ ಮುಗಿದ ಮೇಲೆ ಕಳಚಿ ಡಿಕ್ಕಿಯಲ್ಲಿಡಬಹುದು. ‘ಪೀಠ’ ಎಂದರೆ ಕದಲದೆ ಕುಳಿತದ್ದು ಎಂಬ ಭಾವನೆ ಬರುತ್ತದೆ. ‘ಗುಂಡುಪೀಠ’ವನ್ನು ಬಿಡಬೇಕಾದದ್ದು ಈ ಕಾರಣಕ್ಕೆ, ಕೇಶಿರಾಜನ ಕಾರಣಕ್ಕಲ್ಲ.

ತೋಳನ್ನೂ ಗೂಡನ್ನೂ ಹಾಯ್ದು ಅಡ್ಡಲಾಗಿ ಕೂರುವ ಸರಳು ‘ಅಡ್ಡಗೀಲು’. ಆ ಸರಳು ಜಾರದಂತೆ ತಡೆಯುವ ಬಾಗಿದ ಕಡ್ಡಿಗೆ ‘ಕ್ಲಿಪ್ಪು’ ಸಾಕು. ಗಾಲಿ ಕಳಚದಂತೆ ಅಚ್ಚಿನ ತುದಿಗೆ ಹಾಕುವ ‘ಕಡಾಣಿ’ಯನ್ನು ಇಲ್ಲಿಗೆ ತರುವ ಆಸೆ ನನಗೂ ಇದೆ, ಆದರೆ ಓದುಗರು ಚಕ್ರದ ಬಳಿ ಹುಡುಕಲು ಹೊರಟರೆ ಕಷ್ಟ.

ಇನ್ನು ಗುಂಡು. ಇದರ ಅಳತೆಯನ್ನು ಅನುವಾದಿಸುವಾಗ ಬಹಳ ಎಚ್ಚರ ಬೇಕು. ಅಮೆರಿಕದ ಬಳಕೆಯಲ್ಲಿ 1⅞, 2 ಮತ್ತು 2 5/16 ಇಂಚಿನವು ಸಾಮಾನ್ಯ. ಯುರೋಪಿನಲ್ಲಿ 50 ಮಿಲಿಮೀಟರಿನದು. 2 ಇಂಚು ಎಂದರೆ 50.8 ಮಿಲಿಮೀಟರು. ಇಂಚನ್ನು ಮಿಲಿಮೀಟರಿಗೆ ‘ಸರಿಸುಮಾರು’ ತಿರುಗಿಸಿ 50 ಎಂದು ಬರೆಯುವ ಸೌಜನ್ಯವನ್ನು ಅನುವಾದಕರು ತೋರಿಸಬಾರದು. ಮೂಲದಲ್ಲಿ ಇರುವ ಏಕಮಾನವನ್ನು ಹಾಗೆಯೇ ಉಳಿಸಿಕೊಳ್ಳಬೇಕು. 1⅞ ಇಂಚಿನ ಗುಂಡಿನ ಮೇಲೆ 2 ಇಂಚಿನ ಬಾಯಿಯನ್ನು ಕೂರಿಸಿದರೆ ಮೇಲ್ನೋಟಕ್ಕೆ ಕೂತಂತೆಯೇ ಕಾಣುತ್ತದೆ, ರಸ್ತೆಯ ಉಬ್ಬೊಂದು ಎದುರಾದಾಗ ಮೇಲೆದ್ದು ಕಳಚಿಕೊಳ್ಳಬಹುದು.

ಟ್ರೇಲರಿನ ಮುಂಚಾಚಿಗೆ ಕನ್ನಡದಲ್ಲಿ ಹೊಸ ಪದವನ್ನು ಹುಡುಕಬೇಕಾಗಿಯೇ ಇಲ್ಲ. ಅದು ‘ಮೂಕಿ’. ಎತ್ತಿನ ಗಾಡಿಯ ಮೂಕಿ ನೊಗದ ಮೇಲೆ ಹೇರುವ ಭಾರವೂ ಇದೂ ಒಂದೇ ಲೆಕ್ಕ: ಹೇರು ಹಿಂದಕ್ಕೆ ಹೆಚ್ಚಾದರೆ ಮೂಕಿ ಮೇಲೇಳುತ್ತದೆ, ಮುಂದಕ್ಕೆ ಹೆಚ್ಚಾದರೆ ಹೆಗಲು ಕುಸಿಯುತ್ತದೆ. ಟ್ರೇಲರಿನ ಒಟ್ಟು ತೂಕದ ಶೇಕಡಾ 10ರಿಂದ 15ರಷ್ಟು ಮೂಕಿಯ ಮೇಲಿರಬೇಕೆಂಬುದು ಅಮೆರಿಕದ ಕೈಪಿಡಿಗಳ ಸಾಮಾನ್ಯ ಸೂಚನೆ. ಅಂದರೆ 500 ಕಿಲೋ ಟ್ರೇಲರಿಗೆ 50ರಿಂದ 75 ಕಿಲೋ. ಇದಕ್ಕಿಂತ ತೀರ ಕಡಿಮೆಯಾದರೆ ವೇಗದಲ್ಲಿ ಟ್ರೇಲರು ಅಕ್ಕಪಕ್ಕಕ್ಕೆ ಓಲಾಡತೊಡಗುತ್ತದೆ. ‘ಮೂಕಿಯ ಭಾರ’ ಎಂದು ಬರೆಯಿರಿ. ಷಷ್ಠಿಯನ್ನು ಉಳಿಸಿಕೊಂಡರೆ ಸಮಾಸವೇ ಆಗುವುದಿಲ್ಲ, ಅರಿಸಮಾಸದ ದೂರೂ ಬರುವುದಿಲ್ಲ.

ಎರಡನೆಯ ಉತ್ತರದವರಿಂದ

‘ಮೂಕಿ’ಯನ್ನು ಸಂತೋಷದಿಂದ ಒಪ್ಪುತ್ತೇನೆ. ಆದರೆ ‘ಕೀಲು’ ಏಕೆ? ಅದರ ಬೆನ್ನಿಗೆ ಸಂಸ್ಕೃತದ ‘ಕೀಲ’ ನಿಂತಿದೆ. ‘ಆಣಿ’ ಎಂಬ ಅಚ್ಚ ದ್ರಾವಿಡ ಪದವಿರುವಾಗ ‘ಅಡ್ಡಾಣಿ’ ಎಂದೇ ಬರೆಯಬಹುದಿತ್ತು.

ಐದನೆಯ ಉತ್ತರದವರಿಂದ

‘ಆಣಿ’ ಋಗ್ವೇದದಲ್ಲಿಯೂ ಇದೆ, ಅದೂ ರಥದ ಅಚ್ಚಿನ ಕೀಲು ಎಂಬ ಅರ್ಥದಲ್ಲಿಯೇ. ಯಾರು ಯಾರಿಂದ ಪಡೆದರು ಎಂಬುದನ್ನು ತಾವು ಇತ್ಯರ್ಥಪಡಿಸುವವರೆಗೆ ಕೈಪಿಡಿಯ ಮುದ್ರಣ ನಿಲ್ಲುವುದಿಲ್ಲ. ಮೇಲಾಗಿ ‘ಆಣಿ’ ಎಂದರೆ ಇಂದಿನ ಓದುಗರು ಮೊಳೆ ಎಂದು ತಿಳಿಯುತ್ತಾರೆ. ಇದು ಸುತ್ತಿಗೆಯಿಂದ ಹೊಡೆಯುವ ವಸ್ತುವಲ್ಲ.

ಮೊದಲ ಉತ್ತರದವರಿಂದ

ಇಷ್ಟೆಲ್ಲ ಆದ ಮೇಲೂ ‘ಹಿಚ್’, ‘ಬೋಲ್ಟು’, ‘ಕ್ಲಿಪ್ಪು’ ಉಳಿದೇ ಉಳಿದವು ಎಂಬುದನ್ನು ಸಭೆ ಗಮನಿಸಬೇಕು. ಕಾರಿನ ಚಾವಿಯನ್ನು ಕೈಯಲ್ಲಿ ಹಿಡಿದು ಎರವಲನ್ನು ಬಯ್ಯುವವರಿಗೆ ‘ಕಾರು’ ಇಂಗ್ಲಿಷಿನದೆಂಬುದು ಗೊತ್ತು, ‘ಚಾವಿ’ ಪೋರ್ಚುಗೀಸಿನದೆಂಬುದು ಮರೆತಿದೆ. ಮರೆಯುವಷ್ಟು ಕಾಲ ಕಳೆದದ್ದು ಕನ್ನಡ, ಕಳೆಯದ್ದು ಪರಕೀಯ ಎಂಬ ಲೆಕ್ಕ ನನಗೆ ಅರ್ಥವಾಗುವುದಿಲ್ಲ.

ಎರಡನೆಯ ಉತ್ತರದವರಿಂದ

ಎರವಲನ್ನು ನಾನು ಬಯ್ಯಲಿಲ್ಲ. ಮನೆಯಲ್ಲಿ ‘ಮೂಕಿ’ ಇರುವಾಗ ‘ನಾಲಿಗೆ’ಯನ್ನು ತರುವುದು ಎರವಲಿಗಿಂತ ಕೀಳು, ಎರವಲಿನಲ್ಲಿ ಕನಿಷ್ಠ ಮೂಲಪದವಾದರೂ ಉಳಿಯುತ್ತದೆ, ಪದಕ್ಕೆ ಪದವಿಟ್ಟ ಅನುವಾದದಲ್ಲಿ ಎರಡೂ ಭಾಷೆಗಳು ಕೆಡುತ್ತವೆ. ತಾವು ನನ್ನನ್ನು ವಿರೋಧಿಸುವ ಭರದಲ್ಲಿ ನಾನು ಆಡದ ಮಾತಿಗೆ ಉತ್ತರಿಸುತ್ತಿದ್ದೀರಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಹಿಚ್, ಹಿಚ್ಚಿನ ಗೂಡು, ತೋಳು, ಅಡ್ಡಗೀಲು, ಗುಂಡು, ಮೂಕಿ, ಮೂಕಿಯ ಭಾರ ಎಂದು ನಿಶ್ಚಯಿಸಿದ್ದೇನೆ. ‘ಗುಂಡು’ ಎಂದರೆ ಬಂದೂಕಿನದೂ ಆಗುವುದರಿಂದ ಮೊದಲ ಸಲ ಬರುವಲ್ಲಿ ‘ತೋಳಿನ ಗುಂಡು’ ಎನ್ನುತ್ತೇನೆ. ಗುಂಡನ್ನು ಕವುಚುವ ಭಾಗಕ್ಕೆ ‘ಮೂಕಿಯ ಬಾಯಿ’, ಅದನ್ನು ಬಿಗಿಯುವ ಹಿಡಿಗೆ ‘ಚಿಲಕ’. ‘ಎಳೆಬಂಡಿ’ ನನಗೆ ಇಷ್ಟವಾಯಿತು, ಆದರೆ ಪೆಟ್ಟಿಗೆಯ ಮೇಲಿನ ಮುದ್ರಣದಲ್ಲಿ ‘ಟ್ರೇಲರ್’ ಎಂದಿರುವುದರಿಂದ ಅದನ್ನೇ ಉಳಿಸುತ್ತೇನೆ.

ಒಂದು ಉಳಿದಿದೆ. ಕೈ ಹೋಗದ ಚಾಸಿಯ ಟೊಳ್ಳಿನೊಳಗೆ ಬೋಲ್ಟನ್ನು ಸಾಗಿಸಲು ಸುರುಳಿ ಸುತ್ತಿದ ತುದಿಯುಳ್ಳ ತಂತಿಯೊಂದನ್ನು ಕೊಟ್ಟಿರುತ್ತಾರೆ. ಮೂಲದಲ್ಲಿ ಅದರ ಹೆಸರಿನೊಳಗೆ (‘ಫಿಶ್ ವೈರ್’) ಮೀನು ಇದೆ. ಮೀನನ್ನು ಬಿಟ್ಟು ಹೀಗೆ ಬರೆದಿದ್ದೇನೆ: ‘ಸೆಳೆತಂತಿಯನ್ನು ಬೋಲ್ಟಿನ ರಂಧ್ರದಿಂದ ಒಳಗೆ ತೂರಿಸಿ, ಚಾಸಿಯ ತುದಿಯ ದೊಡ್ಡ ಕಿಂಡಿಯಿಂದ ಹೊರಗೆ ತೆಗೆಯಿರಿ. ಅದರ ಸುರುಳಿಗೆ ಬೋಲ್ಟನ್ನು ತಿರುಗಿಸಿ ಕೂರಿಸಿ, ತಂತಿಯನ್ನು ಎಳೆಯಿರಿ.’ ಸರಿಯೇ?

ಐದನೆಯ ಉತ್ತರದವರಿಂದ

‘ಸೆಳೆತಂತಿ’ ಚೆನ್ನಾಗಿದೆ. ವಾಕ್ಯದಲ್ಲಿ ಒಂದು ಹೆಜ್ಜೆ ತಪ್ಪಿಹೋಗಿದೆ. ತಂತಿಯ ತುದಿ ಕಿಂಡಿಯಿಂದ ಹೊರಬಂದ ಮೇಲೆ ಮೊದಲು ಚೌಕ ತೂತಿನ ದಪ್ಪ ತಟ್ಟೆಯನ್ನು ತಂತಿಗೆ ಪೋಣಿಸಬೇಕು, ಬೋಲ್ಟನ್ನು ಸುರುಳಿಗೆ ಹಾಕುವುದು ಆನಂತರ. ಕ್ರಮ ತಪ್ಪಿದರೆ ಬೋಲ್ಟು ಬರಿಯ ತಲೆಯಿಂದಲೇ ಚಾಸಿಯ ಒಳಮೈಗೆ ಆತುಕೊಳ್ಳುತ್ತದೆ, ಭಾರ ಹರಡುವುದಿಲ್ಲ, ಬಿಗಿಯುವಾಗ ಬೋಲ್ಟೂ ನಟ್ಟಿನೊಡನೆ ಸುತ್ತುತ್ತದೆ. ಇನ್ನೊಂದು: ಕೊನೆಯ ‘ಎಳೆಯಿರಿ’ಗೆ ಮುಂಚೆ ‘ಮೆಲ್ಲಗೆ’ ಎಂದು ಸೇರಿಸಿ. ಜಗ್ಗಿ ಎಳೆದರೆ ಸುರುಳಿ ಬಿಚ್ಚಿಕೊಂಡು ಬೋಲ್ಟು ಚಾಸಿಯೊಳಗೇ ಬೀಳುತ್ತದೆ. ಆಮೇಲೆ ಅದನ್ನು ಆಯಸ್ಕಾಂತ ಹಿಡಿದು ಹುಡುಕಬೇಕಾಗುತ್ತದೆ.

ಮೂರನೆಯ ಉತ್ತರದವರಿಂದ

‘ತಿರುಗಿಸಿ ಕೂರಿಸಿ’ ಎನ್ನುವುದಕ್ಕಿಂತ ‘ತಿರುಪಿ’ ಎಂಬ ಒಂದೇ ಮಾತು ಸಾಕು.